ಲಿವರ್ ಕಸಿ ಆದ ಮೇಲೆ ಪಿತ್ತನಾಳದ ತೊಂದರೆ: ಮೊದಲೇ ಗೊತ್ತಾಗುತ್ತದಾ?

ಅಪ್ಪನಿಗೆ ಮುಂದಿನ ತಿಂಗಳು ಲಿವರ್ ಕಸಿ. ತಮ್ಮ ತನ್ನ ಲಿವರಿನ ಬಲಭಾಗ ಕೊಡುತ್ತಿದ್ದಾನೆ. ಪಿತ್ತನಾಳದ (ಲಿವರಿನಿಂದ ಕರುಳಿಗೆ ಪಿತ್ತ ಒಯ್ಯುವ ಕೊಳವೆ) ತೊಂದರೆ ಬರಬಹುದು ಅಂತ ಹೇಳಿ ಸಹಿ ಹಾಕಿಸಿಕೊಂಡರು. ಯಾರಿಗೆ ಬರುತ್ತದೆ ಅಂತ ಮೊದಲೇ ತಿಳಿಯುತ್ತದಾ? ಅನುಭವ ಇದ್ದವರು ಹೇಳಿ.

— ಅಮ್ಮನಿಗೆ ಕಸಿ ಆಗಿ ಮೂರು ವರ್ಷ, ಕೊಟ್ಟವನು ನಾನೇ. ಖಚಿತವಾಗಿ ಹೇಳುವ ಟೆಸ್ಟ್ ಯಾವುದೂ ಇಲ್ಲ. ಆದರೆ ಯಾರ ಮೇಲೆ ಜಾಸ್ತಿ ಕಣ್ಣಿಡಬೇಕು ಅನ್ನೋದು ಆಪರೇಷನ್ ಮುಗಿದ ದಿನವೇ ಸರ್ಜನ್‌ಗೆ ಸುಮಾರಾಗಿ ಗೊತ್ತಿರುತ್ತದೆ, ನಾವು ಬಾಯಿಬಿಟ್ಟು ಕೇಳಬೇಕು ಅಷ್ಟೆ. ಎಷ್ಟು ನಾಳ ಜೋಡಿಸಿದಿರಿ ಅಂತ ಕೇಳಿ. ಬಲಭಾಗ ಕತ್ತರಿಸಿದಾಗ ಕೆಲವರಲ್ಲಿ ಒಂದೇ ನಾಳ ಸಿಗುತ್ತದೆ, ಕೆಲವರಲ್ಲಿ ಎರಡು ಮೂರು, ಅದೂ ಕೆಲವೇ ಮಿಲಿಮೀಟರ್ ಅಗಲದ್ದು. ನಾಳ ಹೆಚ್ಚಾಗಿ ಸಣ್ಣದಾದಷ್ಟೂ ಜೋಡಣೆಯಲ್ಲಿ ತೊಂದರೆಯ ಸಾಧ್ಯತೆ ಜಾಸ್ತಿ. ನನ್ನದರಲ್ಲಿ ಎರಡಿದ್ದವು. ಆಮೇಲೆ ಹೆಪಾಟಿಕ್ ಆರ್ಟರಿ, ಅಂದರೆ ಲಿವರಿಗೆ ಹೋಗುವ ಅಪಧಮನಿ, ಹೇಗಿದೆ ಅಂತ ಕೇಳಿ. ಲಿವರ್‌ಗೆ ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್ ಅನ್ನೋ ರಕ್ತನಾಳದಿಂದಲೂ ರಕ್ತ ಬರುತ್ತದೆ, ಕಸಿ ಮಾಡಿದ ಪಿತ್ತನಾಳಕ್ಕೆ ಆರ್ಟರಿ ಒಂದೇ ಗತಿ. ಮೊದಲ ದಿನಗಳಲ್ಲಿ ಮತ್ತೆ ಮತ್ತೆ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡೋದು ಅದಕ್ಕೇ.

ಎಂಟನೇ ದಿನ ಅಮ್ಮನ ಹೊಟ್ಟೆಯಿಂದ ದ್ರವ ಹೊರತೆಗೆಯುವ ಡ್ರೈನ್ ಚೀಲದಲ್ಲಿ ತಿಳಿ ನೀರಿನ ಬದಲು ಅರಿಶಿನ ಕದಡಿದ ಹಸಿರು ಬಂತು. ಪಿತ್ತ ಸೋರುತ್ತಿತ್ತು. ಅದೇನೋ ತಾನಾಗಿ ನಿಂತಿತು, ನಾವೂ ಮರೆತೆವು. ಸೋರಿದ ಜಾಗ ಮುಂದೆ ಕಿರಿದಾಗುವ ಸಾಧ್ಯತೆ ಜಾಸ್ತಿ ಅಂತ ಆಗ ಯಾರೂ ಹೇಳಲಿಲ್ಲ. ಐದನೇ ತಿಂಗಳು ರಾತ್ರಿಯೆಲ್ಲ ಬಾಚಣಿಗೆ ತಗೊಂಡು ಅಂಗಾಲು ಕೆರೆದುಕೊಳ್ಳುತ್ತಿದ್ದರು. ಸೆಕೆಗೆ ಅಂದುಕೊಂಡೆವು. ಕಾಮಾಲೆ ತೋರಿಸುವ ಬಿಲಿರುಬಿನ್ ನಾರ್ಮಲ್ ಇತ್ತಲ್ವಾ! ಹಳೇ ರಿಪೋರ್ಟ್‌ಗಳನ್ನು ಸಾಲಾಗಿ ಹಾಸಿಗೆ ಮೇಲೆ ಹರಡಿ ನೋಡಿದರೆ, ಪಿತ್ತದ ದಾರಿ ಕಟ್ಟಿದಾಗ ರಕ್ತದಲ್ಲಿ ಏರುವ ಜಿಜಿಟಿ 48, 110, 260. ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣಲಿಲ್ಲ, ಕಸಿ ಲಿವರ್‌ನಲ್ಲಿ ದಾರಿ ಕಟ್ಟಿದರೂ ನಾಳ ಊದದೇ ಇರಬಹುದಂತೆ. ಎಂಆರ್‌ಸಿಪಿಯಲ್ಲಿ (ಪಿತ್ತನಾಳ ತೋರಿಸುವ ಎಂಆರ್‌ಐ ಸ್ಕ್ಯಾನ್) ನಾಳ ಕಿರಿದಾದದ್ದು ಸಿಕ್ಕಿತು. ಇಆರ್‌ಸಿಪಿ (ಬಾಯಿಂದ ಎಂಡೋಸ್ಕೋಪ್ ಇಳಿಸಿ ನಾಳ ತಲುಪುವುದು) ಮಾಡಿ ನಾಳ ತೆರೆದಿಡುವ ಸಣ್ಣ ಕೊಳವೆ, ಸ್ಟೆಂಟ್, ಹಾಕಿದರು, ಮೂರು ಮೂರು ತಿಂಗಳಿಗೆ ಬದಲಿಸುತ್ತಾ ಒಂದು ವರ್ಷ. ಈಗ ಆರಾಮಾಗಿದ್ದಾರೆ.

— ಜಿಜಿಟಿ ಏರಿದರೆಲ್ಲ ನಾಳದ್ದೇ ಅಂತ ಹೆದರಬೇಡಿ. ನನಗೆ ಏರಿದ್ದು ರಿಜೆಕ್ಷನ್‌ನಿಂದ (ದೇಹ ಹೊಸ ಲಿವರನ್ನು ಒಪ್ಪದಿರುವುದು), ಲಿವರಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಗೊತ್ತಾಯಿತು. ಆದರೆ ಚಳಿ ಹಿಡಿದು ನಡುಗುವ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ, ಸೀದಾ ಹೋಗಿ.

— ನಾನು ಜೀವಸಾರ್ಥಕತೆ (ಕರ್ನಾಟಕದಲ್ಲಿ ಮೃತ ದಾನಿಗಳ ಅಂಗ ಹಂಚುವ ಸಂಸ್ಥೆ) ಪಟ್ಟಿಯಲ್ಲಿ ಕಾದು ಪಡೆದವನು. ಮೃತ ದಾನಿಯ ಲಿವರ್ ಆದರೆ ಐಸ್‌ನಲ್ಲಿ ಎಷ್ಟು ಹೊತ್ತಿತ್ತು ಅಂತಲೂ ಕೇಳಬೇಕು, ಹೊತ್ತು ಜಾಸ್ತಿ ಆದಷ್ಟೂ ನಾಳಕ್ಕೆ ಪೆಟ್ಟು. ನೆದರ್ಲೆಂಡ್ಸ್‌ನವರು ಮುಂದಾಗಿ ನಡೆಸಿದ ಒಂದು ಅಧ್ಯಯನ 2021ರಲ್ಲಿ ಬಂತು: ಹೃದಯ ನಿಂತ ಮೇಲೆ ತೆಗೆದ ಲಿವರ್‌ಗೆ ಕನಿಷ್ಠ 2 ಗಂಟೆ ಮಷೀನ್‌ನಲ್ಲಿ ತಣ್ಣಗೆ ಆಮ್ಲಜನಕ ಹರಿಸಿದಾಗ, ಆರು ತಿಂಗಳೊಳಗೆ ಲಿವರಿನ ಒಳಗಿನ ನಾಳಗಳು ಕಿರಿದಾಗಿ ತೊಂದರೆ ಕೊಟ್ಟದ್ದು ನೂರಕ್ಕೆ 6 ಜನರಲ್ಲಿ, ಬರೀ ಐಸ್‌ನಲ್ಲಿಟ್ಟಾಗ 18 ಜನರಲ್ಲಿ. ನಿಮ್ಮದು ತಮ್ಮನ ಲಿವರ್, ಈ ಚಿಂತೆ ಕಮ್ಮಿ.

— ಎಲ್ಲರಿಗೂ ಥ್ಯಾಂಕ್ಸ್. ತಮ್ಮನ ಎಂಆರ್‌ಸಿಪಿ ರಿಪೋರ್ಟ್ ಈಗಷ್ಟೇ ಫೈಲಿಂದ ತೆಗೆದು ಓದಿದೆ. ಬಲಕ್ಕೆ ಎರಡು ನಾಳ ಅಂತ ಬರೆದಿದೆ. ಸೋಮವಾರ ಕೇಳುತ್ತೇನೆ.