ಅಪ್‌ಡೇಟ್: ಕೆಳದಿ ಅರಸರ ಊರುಗಳನ್ನು ನಾವೇ ಸುತ್ತಿ ಬಂದೆವು

ಗೈಡ್ ಇಲ್ಲದೆ ಮಲೆನಾಡಿನ ಕೆಳದಿ ನಾಯಕರ ಊರುಗಳನ್ನು ನೋಡಲು ಯಾವ ಕ್ರಮ ಒಳ್ಳೆಯದು ಎಂದು ಕೇಳಿದ್ದೆ. ರಾಜಧಾನಿ ಸರಿದ ದಾರಿಯಲ್ಲೇ ಹೋಗಿ ಎಂದಿರಿ. ಹಾಗೆಯೇ ಕೆಳದಿ, ಇಕ್ಕೇರಿ, ನಗರ, ಕೊನೆಗೆ ಅವರ ಬೆಟ್ಟದ ಕೋಟೆ ಕವಲೇದುರ್ಗ ಎಂದು ಹೊರಟೆವು. ಆ ಸಲಹೆಗೆ ನಾನು ಋಣಿ.

ಕೆಳದಿಯ ಗುಡಿಯಲ್ಲಿ ತಲೆಯೆತ್ತಿದರೆ ಚಾವಣಿಯ ಗಂಡಭೇರುಂಡ. ಇಕ್ಕೇರಿಯ ಅಘೋರೇಶ್ವರನ ಮುಂದೆ ಮಾತ್ರ ನೆಲ ನೋಡಬೇಕು: ಮೂವರು ನಾಯಕರು ಸಾಷ್ಟಾಂಗ ಬಿದ್ದಂತೆ ಕಲ್ಲಿನಲ್ಲಿ ಕೊರೆದಿದ್ದಾರೆ, ಮೇಲೆ ಅವರವರ ಹೆಸರು. ಭಕ್ತರು ಓಡಾಡುವ ಜಾಗದಲ್ಲೇ ಅರಸರು ಮಲಗಿದ್ದಾರೆ! ಅಮ್ಮ ಅಲ್ಲಿಂದ ಏಳಲೇ ಇಲ್ಲ, ಸವೆದ ಅಕ್ಷರಗಳನ್ನು ಬೆರಳಾಡಿಸದೆ ಕಣ್ಣಿನಲ್ಲೇ ಓದಲು ಕುಳಿತರು.

ನಗರವೆಂದರೆ ಹಿಂದಿನ ಬಿದನೂರು, 1763ರಲ್ಲಿ ಹೈದರಾಲಿಯ ವಶವಾದದ್ದು. ಕೋಟೆ ನೋಡಿ ಹಿಂತಿರುಗುವವರೇ ಹೆಚ್ಚು; ಸಮೀಪದ ದೇವಗಂಗೆಯ ಕಲ್ಲಿನ ಕೊಳಗಳನ್ನು ದಯವಿಟ್ಟು ಬಿಡಬೇಡಿ.

ಕವಲೇದುರ್ಗದಲ್ಲಿ ಗದ್ದೆಯಂಚಿನಿಂದ ಹತ್ತಬೇಕು. ಒಂದರ ಹಿಂದೊಂದು ಬಾಗಿಲು ದಾಟಿದ ಮೇಲೆ ಅರಮನೆಯ ತಳಪಾಯ, ಅಡುಗೆಮನೆಯಲ್ಲಿ ಇಂದಿಗೂ ಗಟ್ಟಿಯಾಗಿರುವ ಕಲ್ಲಿನ ಒಲೆ. ಯುದ್ಧದ ಕಥೆಗಳಿಗಿಂತ ಆ ಒಲೆಯೇ ನನಗೆ ಹೆಚ್ಚು ಹೇಳಿತು.

ಹೋಗುವವರಿಗೆ: ಮಳೆಗಾಲದಲ್ಲಿ ಚಪ್ಪಡಿಗಳು ಪಾಚಿಗಟ್ಟಿ ಜಾರುತ್ತವೆ, ಹಿರಿಯರಿದ್ದರೆ ಚಳಿಗಾಲವೇ ಸರಿ. ನೀರು, ಬುತ್ತಿ ಕಟ್ಟಿಕೊಳ್ಳಿ. ನಕ್ಷೆಯನ್ನು ಮೊದಲೇ ಮೊಬೈಲ್‌ನಲ್ಲಿ ಇಳಿಸಿಕೊಳ್ಳಿ, ಕಾಡಿನ ದಾರಿಯಲ್ಲಿ ಸಿಗ್ನಲ್ ನಂಬುವಂತಿಲ್ಲ.