ಎರಡನೆಯ ತರಗತಿಯ ಮಗು ಅರ್ಧ ಗಂಟೆ ತಡವಾಗಿ ಶಾಲೆಗೆ ಹೋದರೆ ನಿಜವಾಗಿ ಕಳೆದುಕೊಳ್ಳುವುದೇನು?

ಪ್ರಶ್ನೆ: ಜಮಖಂಡಿ ತಾಲೂಕಿನ ಒಬ್ಬ ತಾಯಿ

ನಾವು ತೋಟದ ವಸತಿಯಲ್ಲಿದ್ದೇವೆ, ಶಾಲೆ ಊರೊಳಗಿದೆ. ಬೆಳಿಗ್ಗೆ ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ ಬಂದ ಮೇಲೆಯೇ ನಮ್ಮ ಯಜಮಾನರಿಗೆ ಮಗನನ್ನು ಬೈಕಿನ ಮೇಲೆ ಶಾಲೆಗೆ ಬಿಡಲು ಬಿಡುವಾಗುತ್ತದೆ. ಹೀಗಾಗಿ ವಾರದಲ್ಲಿ ಮೂರ್ನಾಲ್ಕು ದಿನ ಅವನು ಶಾಲೆ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ತರಗತಿ ಆರಂಭವಾಗಿರುತ್ತದೆ. ಇದರ ಜೊತೆಗೆ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮ, ನಡುವೆ ಬಳಗದ ಮದುವೆಗಳು ಎಂದು ಒಂದಷ್ಟು ದಿನ ಶಾಲೆ ತಪ್ಪುತ್ತದೆ.

ತರಗತಿ ಶಿಕ್ಷಕಿಯವರು ನನ್ನನ್ನು ಕರೆಸಿ, ಈ ವಿಷಯವನ್ನು ಸ್ವಲ್ಪ ಗಂಭೀರವಾಗಿಯೇ ಹೇಳಿದರು. ಮನೆಯಲ್ಲಿ ಅತ್ತೆಯವರ ಮಾತು ಬೇರೆ: "ಎರಡನೇತ್ತೆ ಹುಡುಗ ಅದ, ಕೋರ್ಟಿನ ತಾರೀಖು ತಪ್ಪಿದಂಗ ಯಾಕ ಮಾಡ್ತೀರಿ?" ಮಗ ಓದುವುದರಲ್ಲಿ ಹಿಂದುಳಿದಿಲ್ಲ, ಈ ತರಗತಿಯಲ್ಲಿ ಯಾರನ್ನೂ ಅನುತ್ತೀರ್ಣ ಮಾಡುವುದೂ ಇಲ್ಲ. ಹೀಗಿರುವಾಗ ಇದು ಹಾಜರಿ ಪುಸ್ತಕದ ಶಿಸ್ತಿನ ಪ್ರಶ್ನೆ ಮಾತ್ರವೋ, ಅಥವಾ ಮಗುವಿನ ಕಲಿಕೆಗೆ ನಿಜವಾಗಿಯೂ ಪೆಟ್ಟು ಬೀಳುತ್ತದೆಯೋ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಶಿಕ್ಷಕಿ, ಬಾಗಲಕೋಟೆ

ತಂಗಿ, ನಿಮ್ಮ ಅತ್ತೆಯವರು ಹೇಳಿದ ಮಾತನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ಕೇಳಿದ್ದೇನೆ, ಅದರಲ್ಲಿ ಪ್ರೀತಿಯೇ ಇರುತ್ತದೆ. ಆದರೂ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನಗಳು ಮತ್ತು 800 ಬೋಧನಾ ಗಂಟೆಗಳು ಇರಬೇಕು. ಅರ್ಧ ಗಂಟೆಯಂತೆ ವರ್ಷದಲ್ಲಿ 100 ದಿನ ತಡವಾದರೆ 50 ಗಂಟೆ ಹೋಯಿತು, ಅಂದರೆ ಹಾಜರಿಯಲ್ಲಿ ಒಂದು ದಿನವೂ ತಪ್ಪದೆ ಹನ್ನೆರಡು ದಿನಗಳ ಪಾಠ ಕಳೆದಂತಾಯಿತು. ಇನ್ನು ತಿಂಗಳಿಗೆ ಎರಡೇ ದಿನ ಗೈರುಹಾಜರಾದರೂ ವರ್ಷಕ್ಕೆ ಸುಮಾರು 20 ದಿನವಾಗುತ್ತದೆ, ಐದನೆಯ ತರಗತಿ ಮುಗಿಯುವ ಹೊತ್ತಿಗೆ ಅದು ಅರ್ಧ ಶಾಲಾ ವರ್ಷಕ್ಕೆ ಸಮನಾಗುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡುತ್ತಿದ್ದುದು ಗಂಟೆಗಳ ಲೆಕ್ಕವಲ್ಲ. ಗೈರುಹಾಜರಾದ ಮಗು ಇಂದು ಒಂದನ್ನು, ಮುಂದಿನ ವಾರ ಮತ್ತೊಂದನ್ನು ಕಳೆದುಕೊಳ್ಳುತ್ತದೆ. ದಿನಾಲೂ ತಡವಾಗಿ ಬರುವ ಮಗು ಮಾತ್ರ ಪ್ರತಿ ಸಲ ದಿನದ ಅದೇ ಭಾಗವನ್ನು ಕಳೆದುಕೊಳ್ಳುತ್ತದೆ. ಕೆಳ ತರಗತಿಗಳಲ್ಲಿ ಆ ಮೊದಲ ಅರ್ಧ ಗಂಟೆಯಲ್ಲಿ ನಡೆಯುವುದೇನು? ಪ್ರಾರ್ಥನೆ, ದಿನದ ಸುದ್ದಿ, ಮಾತುಕತೆ, ಹಾಡು, ಕಥೆ. ಮಗು ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಮಾತನಾಡಲು ಕಲಿಯುವ ಹೊತ್ತು ಅದೇ. ಪುಸ್ತಕದಲ್ಲಿ ಇಲ್ಲದ ಈ ಭಾಗವನ್ನು ಮನೆಯಲ್ಲಿ ಕೂರಿಸಿ ತುಂಬಿಸಿಕೊಡುವುದು ಸುಲಭವಲ್ಲ.

ಕೆಳ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಮಗು ಬಿಟ್ಟ ಮೈಲಿಗಲ್ಲಿನಿಂದಲೇ, ಅಂದರೆ ಕಲಿಕೆಯ ಹಂತದಿಂದಲೇ, ಮುಂದುವರಿಯಬಹುದು, ಆದ್ದರಿಂದ ತಪ್ಪಿಸಿದರೂ ನಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಇದು ಅರ್ಧ ಸತ್ಯ. ಈ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ಮಗುವಿನ ಮೆಟ್ಟಿಲು ಅಲ್ಲಿಯೇ ಇರುತ್ತದೆ, ಆದರೆ ಅದರ ಜೊತೆ ಕೂಡುವ ಗುಂಪು ಮುಂದೆ ಹೋಗಿರುತ್ತದೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಹಿಡಿದು ಸಹಪಾಠಿಗಳ ಬೆಂಬಲದ ಗುಂಪು, ಸ್ವಕಲಿಕೆಯ ಗುಂಪಿನವರೆಗೆ ಯಾರು ಎಲ್ಲಿ ಕೂಡಬೇಕು ಎಂಬುದು ಬೆಳಿಗ್ಗೆಯೇ ತೀರ್ಮಾನವಾಗುತ್ತದೆ. ಆಮೇಲೆ ಬಂದ ಮಗುವಿಗೆ ಚಟುವಟಿಕೆಯ ಕಾರ್ಡು ಸಿಗುತ್ತದೆ, ಜೊತೆಗಾರ ಸಿಗುವುದಿಲ್ಲ. ಅದನ್ನು ಕೂರಿಸಲು ಶಿಕ್ಷಕಿ ಎದ್ದು ಬಂದರೆ ಉಳಿದ ಗುಂಪಿನ ಕೆಲಸವೂ ನಿಲ್ಲುತ್ತದೆ.

ಇನ್ನೊಂದು ಮಾತು. 2002ರಲ್ಲಿ ಅಕ್ಷರ ದಾಸೋಹ ಬಂದ ಮೇಲೆ ನಮ್ಮ ಕಡೆಯ ಶಾಲೆಗಳಿಗೆ ಮಕ್ಕಳು ಬರುವುದು ಹೆಚ್ಚಿತು, ಆದರೆ ಊಟ ಮಧ್ಯಾಹ್ನದ್ದಾದ್ದರಿಂದ ಹೊತ್ತಿಗೆ ಸರಿಯಾಗಿ ಬರುವ ರೂಢಿಯನ್ನು ಅದು ತರಲಿಲ್ಲ. 2013ರಲ್ಲಿ ಕ್ಷೀರಭಾಗ್ಯದ ಹಾಲು ಬೆಳಿಗ್ಗೆಯೇ ಸಿಗತೊಡಗಿದಾಗ ಕೆಲವು ಪುಟಾಣಿಗಳು ತಾವಾಗಿಯೇ ಅಪ್ಪಂದಿರನ್ನು ಅವಸರಪಡಿಸತೊಡಗಿದವು! ನಿಮ್ಮ ಮಗನಿಗೆ ಮನೆಯಲ್ಲಿಯೇ ಹಾಲಿರುವುದರಿಂದ ಈ ಉಪಾಯ ಅವನಿಗೆ ನಾಟಲಾರದು.

ದಯವಿಟ್ಟು ಅವನನ್ನು ಬೈಯಬೇಡಿ. ಏಳು ವರ್ಷದ ಮಗು ತಡವಾಗುವುದು ದೊಡ್ಡವರ ಕೆಲಸದಿಂದಲೇ ಹೊರತು ತನ್ನಿಂದಲ್ಲ.

ಉತ್ತರ 2: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ರಾಯಬಾಗ ತಾಲೂಕು, ಬೆಳಗಾವಿ ಜಿಲ್ಲೆ

ಅಕ್ಕಾವ್ರ ಮಾತನ್ನು ಒಪ್ಪುತ್ತೇನೆ, ಆದರೆ ಇಡೀ ಹೊಣೆಯನ್ನು ತಂದೆ ತಾಯಿಯರ ಮೇಲೆ ಹೊರಿಸುವುದು ಸರಿಯಲ್ಲ. ಅದೇ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಮು ಶಿಕ್ಷಕರ ಕರ್ತವ್ಯಗಳಲ್ಲಿ ಮೊಟ್ಟಮೊದಲು ಹೇಳುವುದೇ ಅವರು ಕ್ರಮವಾಗಿ ಮತ್ತು ವೇಳೆಗೆ ಸರಿಯಾಗಿ ಶಾಲೆಗೆ ಬರಬೇಕು ಎಂಬುದನ್ನು. ಮಗುವಿನ ಹಾಜರಿ ಮತ್ತು ಪ್ರಗತಿಯ ಬಗ್ಗೆ ಪಾಲಕರ ಜೊತೆ ನಿಯಮಿತವಾಗಿ ಸಭೆ ನಡೆಸಬೇಕೆಂದೂ ಅದೇ ಕಲಮಿನಲ್ಲಿದೆ. ಎಂದೋ ಒಮ್ಮೆ ಕರೆಸಿ ಗಂಭೀರವಾಗಿ ಹೇಳುವುದಕ್ಕಿಂತ, ಎರಡನೆಯ ದಿನವೇ ಒಂದು ಫೋನು ಮಾಡಿ "ಹುಡುಗ ಯಾಕೆ ಬರಲಿಲ್ಲ?" ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ ಎಂಬುದನ್ನು ನಮ್ಮ ಸಮಿತಿಯಲ್ಲಿ ನಾವು ಕಂಡಿದ್ದೇವೆ.

ನಮ್ಮ ಭಾಗದಲ್ಲಿ ಹಾಜರಿಯ ದೊಡ್ಡ ಶತ್ರು ಕಬ್ಬಿನ ಹಂಗಾಮು. ದೀಪಾವಳಿಯ ಆಸುಪಾಸಿನಲ್ಲಿ ಕಾರ್ಖಾನೆಗಳು ನುರಿಸಲು ಆರಂಭಿಸಿದರೆ, ವಿಜಯಪುರ ಜಿಲ್ಲೆಯಿಂದ, ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ, ಅವರ ಜೊತೆ ಮಕ್ಕಳೂ ಬರುತ್ತಾರೆ. ಆ ಮಕ್ಕಳು ತಮ್ಮ ಊರ ಶಾಲೆಯ ಪುಸ್ತಕದಲ್ಲಿ ಗೈರುಹಾಜರು, ಇಲ್ಲಿಯ ಪುಸ್ತಕದಲ್ಲಿ ಹೆಸರೇ ಇಲ್ಲ. ವರ್ಗಾವಣೆ ಪತ್ರ ತರುವುದು ತಡವಾಯಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಗ್ಯಾಂಗಿನ ಮುಖಂಡನಾದ ಮುಕಾದಮನಿಗಾಗಲಿ ತಂದೆಗಾಗಲಿ ಇದನ್ನು ಹೇಳುವವರು ಕಡಿಮೆ. ತಂಗಿಯವರ ಅರ್ಧ ಗಂಟೆಯ ಚಿಂತೆಯನ್ನು ಸಣ್ಣದೆನ್ನುತ್ತಿಲ್ಲ. ಹಾಜರಿಯ ಮಾತು ಬಂದಾಗ ಕಬ್ಬು ಕಡಿಯುವ ಫಡದಲ್ಲಿ ಕೂತ ಮಕ್ಕಳನ್ನೂ ಎಣಿಸಬೇಕು ಎನ್ನುವುದಷ್ಟೇ ನನ್ನ ಮಾತು.

ಜಾತ್ರೆಯ ವಿಷಯ ಸುಲಭದ್ದು. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೇಗೂ ಅರ್ಧ ಶಾಲೆ ಖಾಲಿಯಾಗುತ್ತದೆ. ಅಂಥ ದಿನ ಸ್ಥಳೀಯ ರಜೆ ಕೊಟ್ಟು ಬೇರೊಂದು ರಜಾದಿನ ಶಾಲೆ ನಡೆಸಿ ಸರಿದೂಗಿಸುವಂತೆ ಎಸ್‌ಡಿಎಂಸಿಯಿಂದ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಬಹುದು.

ಉತ್ತರ 3: ಇಬ್ಬರು ಮಕ್ಕಳ ತಾಯಿ, ವಿಜಯಪುರ

ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ನೂರಕ್ಕೆ ನೂರು ಹಾಜರಿಗೆ ಬಹುಮಾನ ಕೊಡುವ ಪದ್ಧತಿ ಕೆಲವು ಶಾಲೆಗಳಲ್ಲಿದೆ, ಅದರ ಆಸೆಗೆ ಜ್ವರ ಬಂದ ಮಗುವನ್ನೂ ಕಳುಹಿಸುವವರಿದ್ದಾರೆ. ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ಕಣ್ಣುಬೇನೆ, ವಾಂತಿಭೇದಿ ಇದ್ದಾಗ ಮಗು ಮನೆಯಲ್ಲಿಯೇ ಇರಬೇಕು. ಒಂದು ಮಗುವಿನ ಹಾಜರಿ ಉಳಿಸಲು ಹೋಗಿ ಇಡೀ ತರಗತಿಯ ಹಾಜರಿ ಕಳೆಯುವುದರಲ್ಲಿ ಅರ್ಥವಿಲ್ಲ. ಆದರೆ ಪ್ರತಿ ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು ಬೇರೆ ಜಾತಿಯದು. ಶಾಲೆಯಲ್ಲಿ ಯಾರಿಗಾದರೂ ಹೆದರುತ್ತಿದೆಯೇ, ಯಾರಾದರೂ ಅಣಕಿಸುತ್ತಾರೆಯೇ ಎಂದು ಮೆಲ್ಲಗೆ ಕೇಳಿ ನೋಡಬೇಕು. ತಡವಾಗಿ ಬಂದುದಕ್ಕೆ ಹೊರಗೆ ನಿಲ್ಲಿಸುವುದೂ ಅಂಥ ಹೆದರಿಕೆಗೆ ಕಾರಣವಾಗುತ್ತದೆ, ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪಕ್ಕದ ವಸತಿಯ ಐದನೆಯ ತರಗತಿಯ ಹುಡುಗಿಯರು ಹೊತ್ತಿಗೆ ಸರಿಯಾಗಿ ನಡೆದು ಹೋಗುತ್ತಾರೆ, ನಾಳೆಯಿಂದ ಮಗನನ್ನು ಅವರ ಜೊತೆ ಕಳುಹಿಸಲು ಅವರ ತಾಯಿಯ ಜೊತೆ ಮಾತನಾಡಿದ್ದೇನೆ. ಡೇರಿಯ ಹೊತ್ತು ನಮ್ಮ ಕೈಯಲ್ಲಿಲ್ಲ. ಮಳೆ ಬಂದ ದಿನ ಯಜಮಾನರು ಮೊದಲು ಮಗನನ್ನು ಬಿಟ್ಟು, ನಂತರ ಡೇರಿಗೆ ಹೋಗುವುದೆಂದು ಒಪ್ಪಿದ್ದಾರೆ. ಯಲ್ಲಮ್ಮನ ಗುಡ್ಡಕ್ಕೆ ಹೋಗುವುದನ್ನು ಮಾತ್ರ ಬಿಡಲಾಗದು, ಅದು ಮನೆದೇವರು. ಆ ದಿನಗಳ ಪಾಠವನ್ನು ಹೇಗೆ ತುಂಬಿಸಿಕೊಡಬೇಕು?

ಉತ್ತರ 4: ನಿವೃತ್ತ ಶಿಕ್ಷಕಿ, ಬಾಗಲಕೋಟೆ

ಗುಡ್ಡಕ್ಕೆ ಅವಶ್ಯ ಹೋಗಿಬನ್ನಿ. ಹೋಗುವ ಮೊದಲು ತರಗತಿ ಶಿಕ್ಷಕಿಗೆ ತಿಳಿಸಿ, ಮಗ ಯಾವ ಮೈಲಿಗಲ್ಲಿನಲ್ಲಿದ್ದಾನೆ, ಭಾಷೆ ಮತ್ತು ಗಣಿತದಲ್ಲಿ ಮುಂದಿನ ಚಟುವಟಿಕೆ ಯಾವುದು ಎಂದು ಕೇಳಿ ಬರೆದುಕೊಳ್ಳಿ. ಜಾತ್ರೆಯಲ್ಲಿ ಅಂಗಡಿಗಳ ಹೆಸರಿನ ಹಲಗೆ ಓದಿಸಿ, ಬೆಂಡು ಬತ್ತಾಸು ಕೊಂಡಾಗ ಚಿಲ್ಲರೆಯ ಲೆಕ್ಕ ಅವನಿಂದಲೇ ಮಾಡಿಸಿ. ಮರಳಿ ಬಂದ ಮೇಲೆ ಅಲ್ಲಿ ಕಂಡದ್ದನ್ನು ತರಗತಿಯಲ್ಲಿ ಹೇಳಲು ಅವಕಾಶ ಕೊಡಿ ಎಂದು ಶಿಕ್ಷಕಿಯವರನ್ನು ಕೇಳಿಕೊಳ್ಳಿ, ಅವರು ಸಂತೋಷದಿಂದ ಒಪ್ಪುತ್ತಾರೆ. ಬಹುತೇಕ ಮಕ್ಕಳ ದಿನಗಳು ಕಳೆಯುವುದು ಜಾತ್ರೆಯಲ್ಲಲ್ಲ, ಜಾತ್ರೆಯಿಂದ ಬಂದ ಮೇಲೆ "ದಣಿದಾನ, ಸೋಮವಾರದಿಂದ ಹೋಗಲಿ" ಎಂದು ಮನೆಯಲ್ಲಿ ಉಳಿಸಿಕೊಳ್ಳುವುದರಲ್ಲಿ. ಬಂದ ಮರುದಿನ ಶುಕ್ರವಾರವಾದರೂ ಸರಿ, ಕಳುಹಿಸಿಬಿಡಿ.