ನೈರೋಬಿಯ ಗೆಳತಿ ಗಿಕುಯು ಕಲಿಯಬೇಕಂತೆ, ಎಲ್ಲಿಂದ ಶುರು ಮಾಡಬೇಕು?

ನೈರೋಬಿ ಕನ್ನಡತಿ:
ನನ್ನ ಆಫೀಸಿನ ಗೆಳತಿ ಗಿಕುಯು ಹುಡುಗಿ. ಗಿಕುಯು ಅಂದರೆ ಕೆನ್ಯಾದ ಒಂದು ಸಮುದಾಯ, ಅವರ ಭಾಷೆಯ ಹೆಸರೂ ಅದೇ. ಅವಳು ಮಾತಾಡುವುದು ಮನೆಯಲ್ಲಿ ಇಂಗ್ಲಿಷ್, ಸ್ವಾಹಿಲಿ. ಗೆಳೆಯರ ಜೊತೆ ಶೆಂಗ್, ಅಂದರೆ ಸ್ವಾಹಿಲಿ-ಇಂಗ್ಲಿಷ್ ಬೆರೆತ ಆಡುಮಾತು. ಮುರಂಗಾದ ಅಜ್ಜಿ ಗಿಕುಯುನಲ್ಲಿ ಮಾತಾಡಿದರೆ ಅರ್ಥವಾಗುತ್ತದೆ, ತಿರುಗಿ ಮಾತಾಡಲು ಬರುವುದಿಲ್ಲ. 2019ರ ಜನಗಣತಿಯಲ್ಲಿ ಗಿಕುಯು ಜನ ಸುಮಾರು 81 ಲಕ್ಷ. ಅಷ್ಟು ಜನರಿದ್ದೂ ಹೀಗಾ ಅಂತ ನನಗೆ ತುಂಬಾ ಬೇಜಾರು. ಅವಳಿಗೆ ಏನು ಹೇಳಲಿ?

ಥಿಕಾ ರಸ್ತೆ:
ಮೊದಲು ರೇಡಿಯೊ. ಕಮೆಮೆ, ಇನೂರೊ ಎರಡೂ ಗಿಕುಯು ಸ್ಟೇಷನ್‌ಗಳೇ. ಕೇಳುಗರು ಫೋನ್ ಮಾಡುವ ಕಾರ್ಯಕ್ರಮ ಬಿಡಬೇಡಿ, ಅಲ್ಲಿ ಜನ ಮನೆಯಲ್ಲಿ ಮಾತಾಡುವ ಹಾಗೇ ಮಾತಾಡುತ್ತಾರೆ.

ಕಿಯಂಬು ಅಳಿಯ:
ನನ್ನ ಹೆಂಡತಿ ಗಿಕುಯು, ನಾನೂ ಕಲಿಯುತ್ತಿದ್ದೇನೆ. ನಾವು ಮರ, ಮರಗಳು ಅಂತ ಕೊನೆಯಲ್ಲಿ ಸೇರಿಸುತ್ತೇವೆ ಅಲ್ವಾ? ಗಿಕುಯುನಲ್ಲಿ ಪದದ ಶುರುವೇ ಬದಲಾಗುತ್ತದೆ. ಒಂದು ಮರ 'ಮೊತೆ', ಜಾಸ್ತಿ ಇದ್ದರೆ 'ಮೆತೆ'. ಜೊತೆಗಿರುವ ಗುಣವಾಚಕವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಬರೆಯುವಾಗ ಇಂಗ್ಲಿಷಿನ ಐ (i), ಯು (u) ಅಕ್ಷರಗಳ ಮೇಲೆ ಅಲೆಯಂಥ ಗುರುತು ಇದ್ದರೆ ಹೆಚ್ಚುಕಡಿಮೆ ಎ, ಒ ಅಂತ ಓದಬೇಕು. ಫೋನಿನಲ್ಲಿ ಆ ಗುರುತು ಬಿಟ್ಟು ಟೈಪ್ ಮಾಡುವವರೇ ಜಾಸ್ತಿ, ಹಾಗಾಗಿ ಹೊಸಬರಿಗೆ ಗೊಂದಲ. ಸ್ವರದ ಏರಿಳಿತವನ್ನಂತೂ ಸುಮ್ನೆ ಕೇಳಿ ಕೇಳಿಯೇ ಕಲಿಯಬೇಕು.

ಒಂದು ಮಾತು: ಉಚ್ಚಾರ ಕೇಳಿ ನೆಂಟರು ನಗುತ್ತಾರೆ, ಹುಡುಗರು ಬಾಯಿ ಮುಚ್ಚಿಬಿಡುತ್ತಾರೆ. ನಗಬೇಡಿ ಅಂತ ಮನೆಯವರಿಗೆ ಮೊದಲೇ ಹೇಳಿಬಿಡಲಿ.

ಥಿಕಾ ರಸ್ತೆ:
ಚರ್ಚಿಗೆ ಹೋಗುವವಳಾದರೆ ಗಿಕುಯು ಪ್ರಾರ್ಥನೆ ಎಷ್ಟು ಹೊತ್ತಿಗೆ ಅಂತ ವಿಚಾರಿಸಲಿ. ನೈರೋಬಿಯ ಎಷ್ಟೋ ಚರ್ಚುಗಳಲ್ಲಿ ಅದು ಬೇರೆಯಾಗಿಯೇ ನಡೆಯುತ್ತದೆ.